ಮಾವನ ಸಿಟ್ಟು ಮತ್ತು ಶೀನಪ್ಪನ ಫಿರಂಗಿ

ಯಾರಾದರೂ ಸತ್ತರೆ ನಮಗೆಲ್ಲ ದುಃಖವಾಗುತ್ತದೆ. ನನ್ನ ಸೋದರಮಾವನಿಗೆ ಮಾತ್ರ ಸಿಟ್ಟು ಬರುತ್ತದೆ! ಸತ್ತವನ ಮೇಲೆ ಬರುತ್ತದೆ, ಅಳುವವರ ಮೇಲೆ ಬರುತ್ತದೆ, ಹೂವಿನ ಹಾರ ತಂದವರ ಮೇಲೂ ಬರುತ್ತದೆ. ಅದರಲ್ಲೂ ಸತ್ತವನು ನೌಕಾಪಡೆಯಲ್ಲಿ ಅವರ ಜೊತೆ ಒಂದೇ ಹಡಗಿನಲ್ಲಿದ್ದವನಾದರೆ ಮುಗಿದೇ ಹೋಯಿತು. ಆ ಸಿಟ್ಟನ್ನು ಹೊತ್ತುಕೊಂಡು ಅವರು ಮೊದಲು ಬರುವುದು ಸಾಗರದಲ್ಲಿರುವ ನನ್ನ ಫ್ಲೆಕ್ಸ್ ಅಂಗಡಿಗೆ. ನನ್ನ ಹತ್ತಿರ ಒಂದು ಹಳೆಯ ಓಮ್ನಿ ಇದೆ, ಅದಕ್ಕೆ.

ಮೂರು ತಾಲೂಕು ಹುಡುಕಿದರೂ ಆ ಹಡಗಿನವರು ನಾಲ್ಕೇ ಜನ. ಮಾವ, ತಾಳಗುಪ್ಪದವರೊಬ್ಬರು, ಮೇಳಿಗೆಯವರೊಬ್ಬರು, ರಿಪ್ಪನ್‌ಪೇಟೆಯ ಶೀನಪ್ಪ. ಇವರಲ್ಲಿ ಮಾವನೇ ಸೀನಿಯರ್. ಊಟಕ್ಕೆ ಅವರೇ ಮೊದಲು ಕೂರಬೇಕು, ಫೋಟೋದಲ್ಲಿ ಅವರೇ ನಡುವೆ ನಿಲ್ಲಬೇಕು. ಅಷ್ಟಕ್ಕೇ ನಿಂತಿದ್ದರೆ ಸರಿಯಿತ್ತು. ತಾಳಗುಪ್ಪದವರು ಹೃದಯಾಘಾತದಿಂದ ತೀರಿಕೊಂಡಾಗ ಮಾವ ಅಂಗಳದಲ್ಲಿ ನಿಂತು ಗುಡುಗಿದ್ದು ಇನ್ನೂ ನನ್ನ ಕಿವಿಯಲ್ಲಿದೆ.

"ನಾನಿನ್ನೂ ಇಲ್ಲೇ ನಿಂತಿದೀನಿ. ಇವನಿಗೆ ಮೊದಲು ಹೋಗಕ್ಕೆ ಪರ್ಮಿಷನ್ ಕೊಟ್ಟೋರು ಯಾರು? ಸಾಲು ಮುರ್ದು ಹೋಗಿದಾನೆ!"

ಅಳುತ್ತಿದ್ದವರು ಅಳು ನಿಲ್ಲಿಸಿ ನನ್ನ ಮುಖ ನೋಡಿದರು. ನಾನು ತೆಂಗಿನಮರ ನೋಡಿದೆ.

ಮೇಳಿಗೆಯಲ್ಲಿ ಇನ್ನೂ ಚೆನ್ನಾಗಿ ಆಯಿತು. ಅಲ್ಲಿ ಮೈಕ್ ಹಿಡಿದವರೊಬ್ಬರು, "ಮೃತರು ತುಂಬ ಸೌಮ್ಯ ಸ್ವಭಾವದವರು, ಒಂದು ಇರುವೆಗೂ ನೋವು ಮಾಡಿದವರಲ್ಲ" ಎಂದರು. ಮಾವ ಕುರ್ಚಿಯಿಂದ ಎದ್ದರು.

"ಇದು ಯಾರ ಮನೆ? ನಾನು ತಪ್ಪು ವಿಳಾಸಕ್ಕೆ ಬಂದಿದೀನಾ? ಸೌಮ್ಯನಂತೆ! ಇಲ್ಲಿ ನೋಡಿ!" ಎಂದು ಬಾಯಿ ಅಗಲಿಸಿ, ಬಲಗಡೆ ಹಲ್ಲಿಲ್ಲದ ಜಾಗ ತೋರಿಸಿದರು. "ಇಸ್ಪೀಟಲ್ಲಿ ಮೋಸ ಮಾಡ್ದೆ ಅಂತ ಒಂದೇ ಗುದ್ದಿಗೆ ಉದುರ್ಸಿದ. ನಾನು ಮಾಡಿದ್ದೂ ಹೌದು!"

ಸತ್ತವರ ಮೊಮ್ಮಗಳು ಹತ್ತಿರ ಬಂದು ಆ ಜಾಗವನ್ನು ಬಗ್ಗಿ ನೋಡಿ, "ನಮ್ಮಜ್ಜನಾ?" ಎಂದು ಹೆಮ್ಮೆಯಿಂದ ಕೇಳಿದಳು. ಆಮೇಲೆ ಆ ಮನೆಯವರು ಮಾವನನ್ನು ಬಿಡಲಿಲ್ಲ, ಸಂಜೆವರೆಗೆ ಕೂರಿಸಿಕೊಂಡು ಕತೆ ಕೇಳಿದರು. ಇಂಥವರಿಗೆ ಬುದ್ಧಿ ಬರುವುದು ಹೇಗೆ ಹೇಳಿ?

ಹೋದ ಮಳೆಗಾಲ ಮುಗಿದ ಮೇಲೆ ಶೀನಪ್ಪನವರು ತೀರಿಕೊಂಡರು. ಅಂಗನವಾಡಿ ಟೀಚರ್ ಆಗಿರುವ ಮಗಳು ಸುಮಾ ನನಗೇ ಫೋನ್ ಮಾಡಿ ಬ್ಯಾನರ್ ಹೇಳಿದಳು. ಕಾರ್ಯಗಳೆಲ್ಲ ಮುಗಿದ ಮೇಲಿನ ಭಾನುವಾರ ಮನೆಯಂಗಳದಲ್ಲಿ ಶ್ರದ್ಧಾಂಜಲಿ ಸಭೆ. "ಅಪ್ಪ ಫಿರಂಗಿ ಹೊಡೀತಿದ್ರು ಅಕ್ಕ, ಚೆನ್ನಾಗಿ ಮಾಡ್ಕೊಡಿ" ಎಂದಳು. ನಾನು ಚೆನ್ನಾಗಿಯೇ ಮಾಡಿದೆ. ಹಿಂದೆ ಹಿಮಾಲಯ, ಎಡಕ್ಕೆ ಒಂದು ಟ್ಯಾಂಕ್, ಬಲಕ್ಕೆ ಇನ್ನೊಂದು ಟ್ಯಾಂಕ್, ನಡುವೆ ಪಿಂಚಣಿ ಕಾರ್ಡಿನ ಶೀನಪ್ಪ. ಮೇಲೆ ಕೆಂಪಕ್ಷರದಲ್ಲಿ 'ಗಡಿ ಕಾಯ್ದ ವೀರಯೋಧ'. ಪ್ರಿಂಟ್ ತೆಗೆದು ನೆಲದ ಮೇಲೆ ಹಾಸಿದ್ದೆ. ಮಾವ ಬಂದವರು ಅದನ್ನು ತುಳಿಯುವುದರಲ್ಲಿದ್ದರು.

"ಇದೆಂತ ಇದು?"

"ಶೀನಪ್ಪಮಾವಂದು."

"ಶೀನಪ್ಪ ಜೀವಮಾನದಲ್ಲಿ ನೋಡಿದ್ದು ಒಂದೇ ಟ್ಯಾಂಕು. ನೀರಿನ ಟ್ಯಾಂಕು! ಇದೆಂತಕ್ಕೆ ಹಿಮಾಲಯ? ನಾವು ಹಡಗನ್ನ ಗುಡ್ಡ ಹತ್ತಿಸ್ತಿದ್ವಾ?"

ಅರ್ಧ ಗಂಟೆ ಬೈದರು. ಯೂನಿಫಾರ್ಮ್ ಎಂದರೆ ಬಂದೂಕು, ಬಂದೂಕು ಎಂದರೆ ಹಿಮ, ಇಷ್ಟು ಬಿಟ್ಟು ನಿಮಗೆ ಬೇರೇನೂ ಗೊತ್ತಿಲ್ಲವಾ ಎಂದರು. ಊರಿನವರು ತಮ್ಮನ್ನು 'ಮಿಲಿಟ್ರಿ ಮಾವ' ಎನ್ನುವುದಕ್ಕೂ ನಾನೇ ಕಾರಣ ಎಂಬಂತೆ ಮಾತಾಡಿದರು. ನನಗೂ ರೇಗಿತು, ಆದರೆ ತಪ್ಪು ನನ್ನದೇ. ಕಂಪ್ಯೂಟರಿನಲ್ಲಿ ಹಿಮಾಲಯ, ಟ್ಯಾಂಕು ಎಲ್ಲ ತೆಗೆದು ಒಂದು ಭರ್ಜರಿ ಬಿಳಿ ಹಡಗು ಹಾಕಿ ತೋರಿಸಿದೆ. ಮಾವ ಕನ್ನಡಕ ಏರಿಸಿ ನೋಡಿದರು.

"ಮೇಲ್ಗಡೆ ಎಂತದು ನೀಲಿ?"

ದೊಡ್ಡದು ಮಾಡಿ ನೋಡಿದೆ. ಈಜುಕೊಳ! ಪಕ್ಕದಲ್ಲಿ ಬಣ್ಣದ ಕೊಡೆಗಳು!

ಕೊನೆಗೆ ಹಡಗೂ ಬೇಡವೆಂದು ಬರೀ ಸಮುದ್ರ ಹಾಕಿದೆ. ಅದಕ್ಕೂ "ಸಮುದ್ರ ಇಷ್ಟು ಸಾಧು ಇರಲ್ಲ" ಎಂದು ಗೊಣಗಿ, ಒಪ್ಪಿಕೊಂಡರು.

ಭಾನುವಾರ ಬ್ಯಾನರ್ ಸುತ್ತಿಕೊಂಡು ಇಬ್ಬರೂ ರಿಪ್ಪನ್‌ಪೇಟೆಗೆ ಹೋದೆವು. ದಾರಿಯುದ್ದಕ್ಕೂ ನಾನು ಮಾವನಿಂದ ಮಾತು ತೆಗೆದುಕೊಂಡಿದ್ದೆ: ಬಾಯಿ ಬಿಡಬಾರದು. "ನಾನೆಂತಕ್ಕೆ ಮಾತಾಡ್ಲಿ?" ಎಂದಿದ್ದರು. ಅಂಗಳದಲ್ಲಿ ಐವತ್ತು ಅರವತ್ತು ಜನ ಸೇರಿದ್ದರು. ಶೀನಪ್ಪನವರ ಹೆಂಡತಿ ಸರೋಜಮ್ಮ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು. ಊರಿನ ಮುಖಂಡರೊಬ್ಬರು ಮೈಕ್ ಹಿಡಿದರು. ಅವರಿಗೆ ಚುನಾವಣೆಯ ಭಾಷಣವಷ್ಟೇ ಗೊತ್ತು, ಪಾಪ.

"ಶೀನಪ್ಪನವರ ಫಿರಂಗಿಯ ಸದ್ದಿಗೆ ಶತ್ರುಗಳ ಎದೆ ನಡುಗಿತು! ಅವರು ಗುರಿಯಿಟ್ಟರೆಂದರೆ..."

ನಾನು ಮಾವನ ಅಂಗಿಯ ತುದಿ ಹಿಡಿದುಕೊಂಡೆ. ಅಂಗಿ ನನ್ನ ಕೈಯಲ್ಲೇ ಇತ್ತು, ಮಾವ ಎದ್ದಾಗಿತ್ತು.

"ಯಾವ ಫಿರಂಗಿರೀ? ಅವನು ಅಡುಗೆಯವನು!"

ಮೈಕ್ ಒಂದು ಸಲ ಕೀಚಲು ಶಬ್ದ ಮಾಡಿ ಸುಮ್ಮನಾಯಿತು. ಸುಮಾಳ ಮುಖ ನೋಡಲಾಗಲಿಲ್ಲ. "ಅಪ್ಪ ಫಿರಂಗಿ..." ಎಂದವಳು ಅಮ್ಮನ ಕಡೆ ತಿರುಗಿದಳು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಭೂಮಿ ಬಾಯಿ ಬಿಡಲಿ ಎಂದು ನಾನು ಕಾದೆ. ಅದು ಬಿಡಲಿಲ್ಲ. ಆ ನಗು ಕೇಳಿ ಮಾವ ಮಾತ್ರ ಕೆಂಡವಾದರು.

"ಯಾರದು ನಕ್ಕಿದ್ದು? ಅಡುಗೆಯವನು ಅಂದ್ರೆ ಕಮ್ಮಿಯಾ? ಬಂಗಾಳ ಕೊಲ್ಲೀಲಿ ನಾಲ್ಕು ದಿನ ಬಿರುಗಾಳಿ. ಹಡಗು ಹಿಂಗೆ ಏಳೋದು, ಹಿಂಗೆ ಬೀಳೋದು. ಕ್ಯಾಪ್ಟನ್ನಿಂದ ಹಿಡ್ದು ಎಲ್ರಿಗೂ ವಾಂತಿ. ಫಿರಂಗಿಯೋರು ಫಿರಂಗಿ ತಬ್ಕಂಡು ವಾಂತಿ ಮಾಡ್ತಿದ್ರು! ಆವಾಗ ಇವನು ಪಾತ್ರೆನ ಒಲೆಗೆ ಕಟ್ಟಿ, ತನ್ನ ಸೊಂಟನ ಕಂಬಕ್ಕೆ ಕಟ್ಕಂಡು ಗಂಜಿ ಬೇಯ್ಸಿದ. ಇನ್ನೂರು ಜನಕ್ಕೆ! ಏಳಕ್ಕಾಗದೋರ ಹತ್ರ ತೆವಳ್ಕಂಡು ಹೋಗಿ ಚಮಚದಲ್ಲಿ ಕುಡ್ಸಿದ. ಅವನ ಮೊಣಕೈವರೆಗೂ ಬೊಬ್ಬೆ ಎದ್ದಿತ್ತು. ನಾನು ಬೇಡ ಅಂತ ಚಮಚ ತಳ್ಳಿದ್ರೆ 'ನುಂಗ್ತೀಯೋ, ಮೂಗು ಹಿಡೀಲೋ' ಅಂದ. ಅವನಿಲ್ದೇ ಹೋಗಿದ್ರೆ ನಾನೆಲ್ಲಿರ್ತಿದ್ದೆ? ಇವರು ಅಂಥವನನ್ನ ಬಿಟ್ಟು ಯಾವನೋ ಫಿರಂಗಿಯೋನಿಗೆ ಹಾರ ಹಾಕ್ತಿದಾರೆ!"

ಆಗ ಜಗಲಿಯಿಂದ ಇನ್ನೊಂದು ಸಿಟ್ಟಿನ ಧ್ವನಿ ಬಂತು. ಸರೋಜಮ್ಮ ಎದ್ದು ನಿಂತಿದ್ದರು.

"ಎಷ್ಟು ಜನಕ್ಕೆ ಅಂದ್ರಿ?"

"ಇನ್ನೂರು."

"ಇನ್ನೂರು ಜನಕ್ಕೆ ಬೇಯ್ಸಿ ಹಾಕಿದ್ರಾ? ಈ ಮನೇಲಿ ನಲ್ವತ್ತು ವರ್ಷ ಒಂದು ಲೋಟ ನೀರು ಬಿಸಿ ಮಾಡ್ಲಿಲ್ಲ ಆ ಮನುಷ್ಯ! ಒಲೆ ಹಚ್ಚಕ್ಕೆ ಬರಲ್ಲ ಅಂತಿದ್ರು ನನ್ ಹತ್ರ!"

ಸಭೆ ಗೊಳ್ಳೆಂದಿತು. ಸುಮಾ ಕೂಡ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಮುಖಂಡರು ಇದೇ ಸಮಯವೆಂದು ಮೌನಾಚರಣೆ ಘೋಷಿಸಿದರು.

ಜನ ಕಾಫಿ ಕುಡಿದು ಹೊರಟ ಮೇಲೆ ಸರೋಜಮ್ಮ ಮಾವನನ್ನೂ ನನ್ನನ್ನೂ ಅಡುಗೆಮನೆಗೆ ಕರೆದರು. ಸುಮಾಳೂ ಹಿಂದೆ ಬಂದಳು.

"ಹೆಣ್ಣು ನೋಡಕ್ಕೆ ಬಂದಾಗ ನಮ್ಮಪ್ಪ 'ಎಂತ ಕೆಲಸ' ಅಂತ ಕೇಳಿದ್ರು. ಇವರು 'ಬೆಂಕಿ ಹತ್ರ' ಅಂದ್ರು. ನಮ್ಮಪ್ಪ ಫಿರಂಗಿ ಅಂದ್ಕಂಡು ಊರಿಗೆಲ್ಲ ಹೇಳ್ಕಂಡು ಬಂದ್ರು. ಆಮೇಲೆ ಇವರಿಗೆ ಅಲ್ಲ ಅನ್ನಕ್ಕೆ ಬಾಯಿ ಬರ್ಲಿಲ್ವೋ ಏನೋ" ಎಂದು ಒಲೆ ಹಚ್ಚಿದರು. "ಆ ಗಂಜಿ ಹೆಂಗೆ ಮಾಡ್ತಿದ್ರು ಹೇಳಿ."

ಮಾವನಿಗೆ ಅಡುಗೆ ಎಂದರೆ ಏನೆಂದು ಗೊತ್ತಿಲ್ಲ, ಆದರೆ ಆ ರುಚಿ ಗೊತ್ತಿತ್ತು. ಅಕ್ಕಿ ಕಾಳೇ ಕಾಣಬಾರದು, ಅಷ್ಟು ಬೇಯಬೇಕು. ಶುಂಠಿ. ಸ್ವಲ್ಪ ಓಮ. ಉಪ್ಪು. ಇಳಿಸುವಾಗ ಒಂದು ಚೂರು ಬೆಲ್ಲ.

"ಗಂಜಿಗೆ ಯಾರಾದ್ರೂ ಓಮ, ಬೆಲ್ಲ ಹಾಕ್ತಾರಾ?" ಎಂದು ಸರೋಜಮ್ಮ ರೇಗಿದರೂ ಹೇಳಿದಂತೆ ಮಾಡಿದರು. ಇಳಿಸಿ, ಸೌಟಿನಿಂದ ಅಂಗೈಗೆ ನಾಲ್ಕು ಹನಿ ಬಿಟ್ಟುಕೊಂಡು ನೆಕ್ಕಿದರು. ಹಾಗೇ ನಿಂತುಬಿಟ್ಟರು.

"ಖಾರ ಆಯ್ತಾ?" ಎಂದು ಮಾವ ಕೇಳಿದರು.

ಸರೋಜಮ್ಮ ಸೌಟು ಹಿಡಿದುಕೊಂಡೇ ಮಗಳ ಕಡೆ ತಿರುಗಿದರು.

"ನೀನು ಹುಟ್ಟಿದಾಗ ನಂಗೆ ಜ್ವರ ಬಂದು ಎಂತ ಕೊಟ್ರೂ ಹೊಟ್ಟೇಲಿ ನಿಲ್ತಿರ್ಲಿಲ್ಲ. ಒಂದು ವಾರ ದಿನಾ ಬೆಳಿಗ್ಗೆ ಇದೇ ಗಂಜಿ ತಂದು ಕುಡ್ಸಿದ್ರು. ಪಕ್ಕದ ಮನೆ ಗೌರಕ್ಕ ಕೊಟ್ಟಿದ್ದು ಅಂದ್ರು. ಎದ್ದು ಓಡಾಡೋ ಹಂಗೆ ಆದ್ಮೇಲೆ ನಾನು ಗೌರಕ್ಕನ ಕೈ ಹಿಡ್ಕಂಡು, ನಿನ್ನ ಗಂಜಿಯಿಂದ ಬದುಕ್ದೆ ಅಂದೆ. ಅವಳು, 'ಯಾವ ಗಂಜಿ ಮಾರಾಯ್ತಿ?' ಅಂದ್ಲು. ಎಂಥ ದೊಡ್ಡ ಮನಸ್ಸು ಇವಳದ್ದು ಅಂದ್ಕಂಡೆ."

ಸುಮಾ ಹೋಗಿ ಅಮ್ಮನ ಭುಜ ಹಿಡಿದುಕೊಂಡಳು. ಸರೋಜಮ್ಮ ಮೂಗೊರೆಸಿಕೊಂಡು ಗೂಡಿನಿಂದ ಬಟ್ಟಲು ತೆಗೆದು, ಸೌಟು ತುಂಬ ಗಂಜಿ ಬಡಿಸಿ ಮಾವನ ಮುಂದೆ ಇಟ್ಟರು. ಮಾವ ಎರಡೂ ಕೈಯಲ್ಲಿ ಬಟ್ಟಲೆತ್ತಿ, ಉಸಿರು ಬಿಡದೆ ಪೂರ್ತಿ ಕುಡಿದರು. ಆಮೇಲೆ ಖಾಲಿ ಬಟ್ಟಲನ್ನು ಮತ್ತೆ ಮುಂದಕ್ಕೆ ಹಿಡಿದರು.