ಪರಮಾತ್ಮನ ಡಬ್ಬವೂ ಪಟ್ಟಲಮ್ಮನ ಬಸ್ಸಾರೂ

ಆಸ್ತಿಕ ಮಹಾಶಯರೇ, ಮಾತೆಯರೇ, ಕೈಯಲ್ಲಿನ ಕೆಲಸವನ್ನು ಪಕ್ಕಕ್ಕಿಟ್ಟು ಈ ಪಾಮರನ ಕಥೆಯನ್ನು ಕೇಳಿರಿ! ನಗು ಬಂದರೆ ತಡೆಯಬೇಡಿ.

ಮದ್ದೂರಿನ ನಮ್ಮ ಬೀದಿಯ ಭಜನಾ ಮಂದಿರದಲ್ಲಿ ಪ್ರತಿ ಶನಿವಾರ ಪ್ರವಚನ ಮಾಡುವವನು ನಾನು. ಈಚೆಗೆ ಅಲ್ಲಿ ಎರಡು ಘೋಷಣೆ ಮಾಡಿದೆ. "ನೆರೆಮನೆಯ ಪಾತ್ರೆಯನ್ನು ಎಂದೂ ಬರಿದಾಗಿ ಹಿಂದಿರುಗಿಸಬಾರದು!" ಇದು ಮೊದಲನೆಯದು. "ನನ್ನ ಮನೆಯ ಒಂದೇ ಒಂದು ಖಾಲಿ ಪ್ಲಾಸ್ಟಿಕ್ ಡಬ್ಬವೂ ಇನ್ನು ಕಸಕ್ಕೆ ಹೋಗದು. ಎಲ್ಲಕ್ಕೂ ಪುನರ್ಜನ್ಮ ಕರುಣಿಸುವೆ!" ಇದು ಎರಡನೆಯದು. ಚಪ್ಪಾಳೆಯೋ ಚಪ್ಪಾಳೆ!

ಮರುದಿನ ಮನೆಯಾಕೆ ತರಕಾರಿ ತರಲು ಹೋದುದೇ ತಡ, ಅವತಾರಕಾರ್ಯಕ್ಕಿಳಿದೆ. ಅಡುಗೆಮನೆಯ ಕಟ್ಟೆಯ ಮೇಲೆ ತೊಳೆದು ಬೋರಲು ಹಾಕಿದ ಮೂರು ಡಬ್ಬಗಳು! ಎಣ್ಣೆಯ ಡಬ್ಬ ಸೌಟುಗಳ ಸಿಂಹಾಸನವಾಯಿತು. ತುಪ್ಪದ ಡಬ್ಬ ಹೂಬತ್ತಿಗಳ ಅರಮನೆಯಾಯಿತು. ಮೂರನೆಯದು ನೀಲಿ ಮುಚ್ಚಳದ ದೊಡ್ಡ ಡಬ್ಬ. ಅದರ ತಳದಲ್ಲಿ ಕೆಂಪು ನೇಲ್ ಪಾಲಿಶ್‌ನಲ್ಲಿ 'ಪ' ಎಂಬ ಅಕ್ಷರ! ನನಗೆ ರೋಮಾಂಚನ. ಪರಮಾತ್ಮನೇ ರುಜು ಹಾಕಿದ್ದಾನೆ! ಇದು ತುಳಸಿಗೇ ಮೀಸಲೆಂದು, ಮೊಳೆ ಕಾಯಿಸಿ, ನವದ್ವಾರಗಳ ಈ ದೇಹದಂತೆಯೇ ಒಂಬತ್ತು ತೂತು ಕೊರೆದೆ.

ತರಕಾರಿ ಚೀಲದೊಡನೆ ಮನೆಯಾಕೆ ಹಿಂದಿರುಗಿದಳು. "ರೀ! ಆ ನೀಲಿ ಮುಚ್ಚಳದ ಡಬ್ಬ ಎಲ್ಲಿ?"

"ಮೋಕ್ಷ ಹೊಂದಿತು ಕಣೇ! ತಳದಲ್ಲಿ ಪರಮಾತ್ಮನ ಅಕ್ಷರವೇ ಇತ್ತು."

"ಪ ಅಂದ್ರೆ ಪರಮಾತ್ಮ ಅಲ್ಲ, ಎದುರುಮನೆ ಪಟ್ಟಲಮ್ಮ! ಅವರೆಬೇಳೆ ತುಂಬಿ ಕಳಿಸಿದ್ರು. ಬರಿದಾಗಿ ಕೊಡಬಾರದು ಅಂತ ನೀವೇ ಸಾರಿದ್ರಲ್ಲ, ಚಕ್ಕುಲಿ ತುಂಬೋಣ ಅಂತ ತೊಳೆದಿಟ್ಟಿದ್ದೆ!"

ಅಷ್ಟರಲ್ಲೇ ಪಟ್ಟಲಮ್ಮನವರು ಬಾಗಿಲಲ್ಲಿ! ಕೈಯಲ್ಲಿ ಹಬೆಯಾಡುವ ಪಾತ್ರೆ.

"ಅಮ್ಮಾರೆ, ನನ್ ಡಬ್ಬ ಕೊಟ್ಬುಡಿ. ಬೆಸಗರಳ್ಳಿ ಬಸ್ಸು ಬತ್ತದೆ. ಬಸುರಿ ಮಗಳು ರೂಪಂಗೆ ಮೂರ್ ದಿನದಿಂದ ಬಾಯ್ಗೆ ಏನೂ ಸೇರ್ತಿಲ್ಲ, ನನ್ ಬಸ್ಸಾರೇ ಬೇಕಂತೆ. ಸೋರ್ದೆ ಇರೋ ಡಬ್ಬ ಅದೊಂದೇಯ!"

ಡಬ್ಬವನ್ನು ಒಪ್ಪಿಸಿದೆ. ಅವರು ಅದನ್ನು ಮೇಲೆತ್ತಿ, ತೂತುಗಳ ಮೂಲಕ ನನ್ನನ್ನೇ ದಿಟ್ಟಿಸಿದರು.

"ಅಯ್ನೋರೆ, ಸೊಪ್ಪು ಮನೇಲೇ ಬಸ್ದಿವ್ನಿ. ಬಸ್ನಾಗೂ ಇನ್ನೊಂದ್ಸಲ ಬಸೀಬೇಕಾ?"

ಮನೆಯಾಕೆ ಒಳಗೆ ಹೋಗಿ ನನ್ನ ಫ್ಲಾಸ್ಕನ್ನು ತಂದಳು. ಪ್ರವಚನದ ಗಂಟಲಿಗೆಂದು ಶುಂಠಿ ಕಷಾಯ ಒಯ್ಯುವ, ಪರರ ಕೈ ಸೋಕದ ಫ್ಲಾಸ್ಕು!

"ಅಯ್ಯೋ, ಬೆಳ್ಳುಳ್ಳಿ ಮುಟ್ಟದವನ ಫ್ಲಾಸ್ಕಿಗೆ ಬಸ್ಸಾರೇ?"

"ತೂತಿಲ್ಲವಲ್ಲ!" ಎಂದಳು.

ಬಸ್ಸು ಸಿಕ್ಕಿತು. ರೂಪ ಎರಡು ಮುದ್ದೆ ಉಂಡಳೆಂದು ಫೋನೂ ಬಂತು.

ಮುಂದಿನ ಶನಿವಾರ. ಇಂದ್ರಿಯನಿಗ್ರಹದ ಕುರಿತು ಗುಡುಗುತ್ತಿದ್ದೆ. ಗಂಟಲು ಒಣಗಿತು. ನೋಡಿದರೆ ಪಕ್ಕದಲ್ಲೇ ನನ್ನ ಫ್ಲಾಸ್ಕು! ಮನೆಯಾಕೆ ಕಷಾಯ ಕಳಿಸಿದ್ದಾಳೆಂದು ಒಂದು ಗುಟುಕು ಏರಿಸಿದೆ. ಹರಹರಾ, ಬಸ್ಸಾರು! ಉಗುಳೋಣವೆಂದರೆ ಎದುರಿಗೆ ಸಭೆ. ನುಂಗಿದೆ. ಏನು ರುಚಿ! ಇನ್ನೊಂದು ಗುಟುಕು. ಮತ್ತೊಂದು. ಆಮೇಲೆ ಮೈಕಿನಲ್ಲೇ ತೇಗು!

ಮುಂದಿನ ಸಾಲಿನಿಂದ ಪಟ್ಟಲಮ್ಮನವರ ಧ್ವನಿ: "ರೂಪನೇ ಮಾಡ್ಕೊಟ್ಟವ್ಳೆ ಅಯ್ನೋರೆ. ಬರಿದಾಗಿ ವಾಪಸ್ ಕೊಡಬ್ಯಾಡಿ ಅಂದೋರು ನೀವೇ ಅಲ್ವಾ?"

ಹೊಸ ಡಬ್ಬ ಕೊಂಡು, ಚಕ್ಕುಲಿ ತುಂಬಿ, ತಳದಲ್ಲಿ 'ಪ' ಎಂದು ನಾನೇ ಬರೆದು ಒಪ್ಪಿಸಿದ್ದೇನೆ. ಆದ್ದರಿಂದ ಬಂಧುಗಳೇ, ನೀವೂ ಡಬ್ಬಗಳಿಗೆ ಧಾರಾಳವಾಗಿ ಪುನರ್ಜನ್ಮ ಕೊಡಿರಿ. ಆದರೆ ಮೊಳೆ ಕಾಯಿಸುವ ಮುನ್ನ ಒಮ್ಮೆ ಡಬ್ಬದ ತಳ ನೋಡಿ, ಒಮ್ಮೆ ಹೆಂಡತಿಯ ಮುಖ ನೋಡಿ. ಎದುರುಮನೆಯದಾಗಿದ್ದರೆ ಇಂದೇ ತುಂಬಿ ಕಳುಹಿಸಿರಿ!