ಅಪ್ಪನ ಬಂದೂಕಿನ ಬಾಯಿ

ನನಗೆ ವಿಪರೀತ ಸಿಟ್ಟು ಬರುವುದು ಸುಳ್ಳು ಹೇಳುವವರ ಮೇಲಲ್ಲ. ನಾನು ಒಂದು ಥರ ನೆನಪಿಟ್ಟುಕೊಂಡದ್ದನ್ನು ತಾವು ಇನ್ನೊಂದು ಥರ ನೆನಪಿಟ್ಟುಕೊಂಡು, ಚಹಾ ಹೀರುತ್ತ ಸಮಾಧಾನವಾಗಿ ಹೇಳುತ್ತಾರಲ್ಲ, ಅವರ ಮೇಲೆ. ಸುಳ್ಳುಗಾರನನ್ನು ಹಿಡಿಯಬಹುದು. ಇವರನ್ನು ಹಿಡಿಯಲು ಹೋದರೆ ನಮ್ಮ ನೆನಪೇ ಕಿತ್ತು ಕೈಗೆ ಬರುತ್ತದೆ. ಧಾರವಾಡದಲ್ಲಿ ಇತಿಹಾಸದ ಎಂ.ಎ. ಮಾಡಿ, ಬೈಲಹೊಂಗಲದ ಕಾಲೇಜೊಂದರಲ್ಲಿ "ಆಧಾರವಿಲ್ಲದ್ದನ್ನು ನಂಬಬೇಡಿ" ಎಂದು ವರ್ಷಗಟ್ಟಲೆ ಗಂಟಲು ಹರಿದುಕೊಂಡವನು ನಾನು. ದೇವರನ್ನು ನಂಬಲಿಲ್ಲ, ಪಂಚಾಂಗವನ್ನು ನಂಬಲಿಲ್ಲ, ಪೇಪರನ್ನಂತೂ ನಂಬಲೇ ಇಲ್ಲ. ಅಂಥವನ ಮರ್ಯಾದೆಯನ್ನು ಒಂದು ಹಳೆಯ ಬಂದೂಕು ಹಿತ್ತಲಲ್ಲಿ ಹರಾಜು ಹಾಕಿತು.

ಅದು ಅಪ್ಪನದು. ಕಿತ್ತೂರಿನ ಕಡೆಯ ದೇಸಾಯರೊಬ್ಬರು ಬಳಸಿ ಬಿಟ್ಟದ್ದನ್ನು ಕೊಂಡು ತಂದು, ಮನೋಳಿಯ ನಮ್ಮ ಹೊಳೆದಂಡೆಯ ಹೊಲಕ್ಕೆ ಹಂದಿ ನುಗ್ಗುತ್ತವೆಂದು ಲೈಸೆನ್ಸು ಮಾಡಿಸಿದ್ದರು. ಟ್ರಿಗರಿನ ಸುತ್ತ ದೊಡ್ಡ ಬಳೆಯಂಥ ಲಿವರ್. ಕೆಳಗೆಳೆದರೆ ಹಾರಿದ ತೋಟಾದ ಖಾಲಿ ಹಿತ್ತಾಳೆ ಕೊಳವೆ ಹೊರಗೆ ಜಿಗಿಯಬೇಕು, ಮೇಲೊತ್ತಿದರೆ ಹೊಸ ತೋಟಾ ಒಳಗೆ ಕೂರಬೇಕು. ಒಂದು ನಸುಕಿನಲ್ಲಿ ಹಿತ್ತಲ ಶೇಂಗಾ ರಾಶಿಗೆ ಹಂದಿ ಬಂದಾಗ, ಅಪ್ಪ ಕಟಕ್-ಢಂ, ಕಟಕ್-ಢಂ ಎಂದು ಮೂರು ಗುಂಡು ಹಾರಿಸಿ ಅದನ್ನು ಕೆಡವಿದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಜೀವಮಾನವಿಡೀ ಸೊಸೈಟಿಯ ಗುಮಾಸ್ತನಿಗೂ ಕೈಮುಗಿದು ನಿಂತ ಅಪ್ಪ, ಎದೆಯುಬ್ಬಿಸಿ ನಿಂತದ್ದು ಅದೊಂದೇ ಸಲ. ಕಣ್ಣಾರೆ ಕಂಡವರ ಸಾಕ್ಷಿಗೆ ಎಷ್ಟು ಬೆಲೆ ಎಂಬುದಕ್ಕೆ ನಾನು ತರಗತಿಯಲ್ಲಿ ಇದನ್ನೇ ಉದಾಹರಣೆ ಕೊಡುತ್ತಿದ್ದೆ.

ಅಪ್ಪ ಹೋದ ಮೇಲೆ ಲೈಸೆನ್ಸು ಅಣ್ಣನ ಹೆಸರಿಗಾಯಿತು. ಚುನಾವಣೆ ಬಂದಾಗ ಬಂದೂಕನ್ನು ಠಾಣೆಯಲ್ಲಿ ಇಡಬೇಕು. ತೊಂಬತ್ತರ ದಶಕವೆಂದರೆ ಕೇಳಬೇಕೆ? ದಿಲ್ಲಿಯಲ್ಲಿ ಸರಕಾರ ಉರುಳಿದಾಗಲೆಲ್ಲ ಅಣ್ಣ ಮನೋಳಿಯಲ್ಲಿ ಬಂದೂಕು ಹೊತ್ತುಕೊಂಡು ಬಸ್ಸಿಗೆ ಕಾಯುತ್ತಿದ್ದ. ಕೊನೆಗೊಂದು ಸಲ ನಾನು ಊರಿಗೆ ಹೋದಾಗ ಅವನ ತಾಳ್ಮೆ ಮುಗಿದಿತ್ತು.

"ಸಾಕಪಾ. ಇದು ಬಂದೂಕಲ್ಲ, ಕಬ್ಬಿಣದ ಬಡಿಗಿ. ಲಿವರ್ ಜಗ್ಗಿದ್ರ ಅರ್ಧಕ್ಕ ನಿಂದರತೈತಿ. ಖಂಡೇಪೂಜಿ ಮುಗಿದ ಮರುದಿನ ಸರಕಾರಕ್ಕ ಒಪ್ಪಿಸಿ ಕೈ ತೊಳಕೋತೇನಿ."

"ಅಪ್ಪನ ಬಂದೂಕೋ ಅಣ್ಣಾ ಅದು!"

"ಅಪ್ಪ ಇದನ್ನ ಒಂದ ಸಲಾನೂ ಹಾರಿಸಿಲ್ಲ. ತಂದ ದಿನದಿಂದ ಹಿಂಗ ಕಚ್ಚಿಕೊಂಡೈತಿ."

"ಮೂರು ಗುಂಡು ಹಾರಿಸ್ಯಾರ! ನಾ ನೋಡೇನಿ!"

"ನೋಡಿದ್ರ ಆಧಾರ ತಗೊಂಡ ಬಾ. ಹುಡುಗೂರಿಗೆ ಹೇಳ್ತಿಯಲ್ಲ?" ಎಂದು ಚಹಾದ ಬಟ್ಟಲು ಸೊರಕ್ಕೆಂದು ಹೀರಿದ. ಆ ಸೊರಕ್ ಶಬ್ದ ಈಗಲೂ ನನ್ನ ಬೆನ್ನುಹುರಿಯಲ್ಲಿ ಓಡಾಡುತ್ತದೆ. ದಸರೆಯ ಆಯುಧಪೂಜೆಯೊಳಗೆ, ಅಂದರೆ ನಮ್ಮ ಕಡೆಯ ಖಂಡೇಪೂಜೆಯೊಳಗೆ, ಲಿವರ್ ಪೂರ್ತಿ ಇಳಿದರೆ ಬಂದೂಕು ಮನೆಯಲ್ಲಿ, ಇಲ್ಲದಿದ್ದರೆ ಸರಕಾರಕ್ಕೆ ಎಂದು ಠರಾವಾಯಿತು.

ಬಂದೂಕು ಕೆಡಿಸಿದವರು ಯಾರು? ನನ್ನ ಮೊದಲ ಅನುಮಾನ ಠಾಣೆಯವರ ಮೇಲೆ. ಹೋಗಿ ಜೋರಾಗಿ ಕೇಳಿದೆ. ಅಲ್ಲಿನ ಪೋಲೀಸಪ್ಪ ನಕ್ಕುಬಿಟ್ಟ. "ಸರ್ರ, ನಾವು ಇದಕ್ಕ ಕೈ ಹಚ್ಚಾಕ ಅಂಜತೇವ್ರಿ. ಮೈತುಂಬ ಕುಂಕುಮ, ವಿಭೂತಿ. ಬಂದೂಕೋ ದೇವರೋ ತಿಳೀವಲ್ದು." ಎರಡನೆಯ ಅನುಮಾನ ಅಣ್ಣನ ಮೇಲೆ; ಹುಣಸೆಕಾಯಿ ಬಡಿಯಲು ಬಳಸಿದ್ದಾನೆಂದು ಖಾತ್ರಿಯಿತ್ತು, ಆಧಾರವಿರಲಿಲ್ಲ. ಸವದತ್ತಿಯ ಪೇಟೆಯಿಂದ ತಂದ ಎಣ್ಣೆಯೆಲ್ಲ ಕುಡಿದೂ ಲಿವರ್ ಜಪ್ಪಯ್ಯ ಎನ್ನಲಿಲ್ಲ. ರಾಮದುರ್ಗದ ಸೋದರಮಾವ ಫೋನಿನಲ್ಲಿ "ಕೊಡತಿ ತಗೊಂಡು ಎರಡ ಹಾಕು" ಎಂದು ಸಲಹೆ ಕೊಟ್ಟರು. ಅವರು ಕೆಟ್ಟ ರೇಡಿಯೋಕ್ಕೂ ಇದನ್ನೇ ಹೇಳಿದ್ದರು.

ಕಡೆಗೆ ಅಣ್ಣನ ಹೆಂಡತಿ, ನಮ್ಮ ವೈನಿಯ ಹೊಲಿಗೆ ಯಂತ್ರದ ಸ್ಕ್ರೂಡ್ರೈವರ್ ಎತ್ತಿಕೊಂಡು ಹಿತ್ತಲಿಗೆ ನಡೆದೆ. ಒಳಗೆ ಜೀವಂತ ತೋಟಾ ಸಿಕ್ಕಿಕೊಂಡಿದ್ದೀತು ಎಂದು ನಳಿಗೆಯನ್ನು ಖಾಲಿ ಗೋಡೆಗೆ ತಿರುಗಿಸಿ ಕೂತೆ. ಇದನ್ನು ಕಂಡದ್ದೇ ಅಣ್ಣ ಎಮ್ಮೆಯ ಹಗ್ಗ ಬಿಚ್ಚಿ ಅದನ್ನು ಹೊರಗೆ ಕರೆದೊಯ್ದ. ನನ್ನನ್ನು ಕರೆಯಲಿಲ್ಲ.

ತೋಟಾ ತುಂಬಲು ಬಂದೂಕಿನ ಪಕ್ಕೆಯಲ್ಲಿ ಸ್ಪ್ರಿಂಗಿನ ಒಂದು ಪುಟ್ಟ ಬಾಗಿಲಿದೆ. ಅದನ್ನು ಒತ್ತಿದೆ. ಇರುವೆಗಳು ಹೊರಬಂದವು. ಕಡ್ಡಿ ಹಾಕಿ ಕೆದರಿದರೆ ಕಪ್ಪಗೆ ಗಟ್ಟಿಯಾದ ಅಂಟು. ಮೂಸಿದೆ. ಬೆಲ್ಲ, ಜೊತೆಗೆ ಏಲಕ್ಕಿ!

"ವೈನೀ!" ನನ್ನ ಕೂಗಿಗೆ ಹೊರಗಿದ್ದ ಎಮ್ಮೆ ಕೂಡ ಒದರಿತು.

ವೈನಿ ಸೆರಗಿಗೆ ಕೈ ಒರೆಸುತ್ತ ಬಂದರು. "ಯಾಕ ಹಂಗ ಹೊಯ್ಕೊಳ್ಳಾಕ ಹತ್ತೀರಿ? ಹೋಳಿಗಿ ಅದು. ಖಂಡೇಪೂಜಿಗೆ ವರ್ಷಾ ಒಂದ ತುಣುಕು ಇಡತೇನಿ."

"ಬಂದೂಕಿನ ಒಳಗ?"

"ಮತ್ತ ಬಾಯಿ ಎಲ್ಲೈತಿ ಅಲ್ಲೇ ಇಡಬೇಕಲ್ರಿ ಪ್ರೊಫೆಸರ್ರ? ಕುಡಗೋಲಿಗೆ ಬಾಯಿಲ್ಲ, ಹೊಲಾ ಹೂಡೋ ರಂಟಿಗೆ ಬಾಯಿಲ್ಲ. ಇದಕ್ಕ ಐತಿ. ದೇವರ ಮುಂದ ಇಟ್ಟದ್ದು ಇಟ್ಟಂಗ ಇರತೈತಿ. ಇದು ಒತ್ತಿದ್ರ ಒಳಗ ತಗೋತೈತಿ!"

ಹಲ್ಲು ಕಡಿಯುತ್ತ ಕುದಿಯುವ ನೀರು ತರಿಸಿ ಹುಯ್ದೆ. ವರ್ಷವರ್ಷದ ಹೋಳಿಗೆ ಪಾಕವಾಗಿ ಇಳಿಯಿತು. ಲಿವರ್ ಹಿಡಿದು ಅಣ್ಣನ ಮೇಲಿನ ಸಿಟ್ಟನ್ನೆಲ್ಲ ಹಾಕಿ ಜಗ್ಗಿದೆ. ಕಟಕ್! ಪೂರ್ತಿ ಇಳಿಯಿತು. ಒಳಗಿಂದ ಹಿತ್ತಾಳೆಯ ಖಾಲಿ ಕೊಳವೆಯೊಂದು ಜಿಗಿದು ಕಲ್ಲಿನ ಮೇಲೆ ಉರುಳಿತು.

ಅದನ್ನು ಅಣ್ಣನ ಮೂಗಿನ ಕೆಳಗೆ ಹಿಡಿದೆ. "ತಗೋ ಆಧಾರ! ಹಾರಿಸಿದ ತೋಟಾ!"

ಅಣ್ಣ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಮೊದಲ ಸಲ ಅವನ ಮುಖದಲ್ಲಿ ಅನುಮಾನ ಕಂಡಿತು. ಆದರೆ ನನಗೆ ಆ ಗೆಲುವನ್ನು ಅನುಭವಿಸಲು ಬಿಡಲಿಲ್ಲ. "ಹಾರಿಸಿದ್ದು ಒಳಗ ಸಿಕ್ಕೊಂಡು ಕುಂತ್ರ ಮುಂದಿಂದು ಹೆಂಗ ಹಾರತೈತಿ? ಉಳಿದ ಎರಡ ಎಲ್ಲೆ?"

"ಒಂದ ಹಾರಿದ್ದು," ಎಂದರು ವೈನಿ. "ನಾ ಲಗ್ನಾಗಿ ಬಂದ ವರ್ಷ. ಇವ್ರು ಹೊದ್ದುಕೊಂಡು ಮಲಗಿದ್ರು, ಎದ್ದ ಇಲ್ಲ. ನೀವು ಊರಾಗ ಎಲ್ಲಿದ್ರಿ? ಧಾರವಾಡಕ್ಕ ಪರೀಕ್ಷಾ ಬರ್ಯಾಕ ಹೋಗಿದ್ರಿ."

"ಹಂದಿ?" ನನ್ನ ದನಿ ಇಳಿದಿತ್ತು.

"ಹಂದಿ ತಾನಾಗೇ ಹೋತು. ಗುಂಡು ಹಂಡೇಕ ಬಡೀತು."

ಬಚ್ಚಲಿಗೆ ಹೋಗಿ ನೋಡಿದೆ. ತಾಮ್ರದ ಹಂಡೆಯ ಹೊಟ್ಟೆಯ ಮೇಲೆ ಕಾಸಿನಗಲದ ತೇಪೆ. ವರ್ಷಗಳಿಂದ ಅದರೆದುರೇ ಕೂತು ತಲೆಗೆ ನೀರು ಹುಯ್ದುಕೊಂಡಿದ್ದೇನೆ. ಹೊರಗೆ ಬಂದಾಗ ಅಣ್ಣ ಬಂದೂಕು ಒರೆಸುತ್ತಿದ್ದ. "ಇರ್ಲಿ ಬಿಡೋ ತಮ್ಮಾ. ಹಂಡೇಕ ಬಡದ್ರೇನು? ಹಾರಿಸ್ಯಾನಲ್ಲ ನಮ್ಮಪ್ಪ," ಎಂದ. ಸರಕಾರಕ್ಕೆ ಒಪ್ಪಿಸುವ ಮಾತು ಮತ್ತೆ ಎತ್ತಲಿಲ್ಲ. ನನಗೋ, ಗೆದ್ದೂ ಸಿಟ್ಟು ಹೋಗಲಿಲ್ಲ. ಕಟಕ್-ಢಂ ಈಗಲೂ ಮೂರು ಸಲವೇ ಕೇಳಿಸುತ್ತದೆ.

ಆ ಖಂಡೇಪೂಜೆಯಲ್ಲಿ ಬಂದೂಕಿನ ಪಕ್ಕ ನಾನೇ ಕಾವಲು ಕೂತೆ. ವೈನಿ ಹೋಳಿಗೆಯ ತುಣುಕು ತಂದಾಗ ತಡೆದು ಕೈಯಿಂದ ಕಸಿದುಕೊಂಡೆ. ಆ ದಿನ ಅದರ ಬಾಯಿಗೆ ಯಾರೂ ಏನೂ ಇಡಲಿಲ್ಲ. ಇದು ನನಗೆ ಸ್ಪಷ್ಟವಾಗಿ ನೆನಪಿದೆ. ಕಸಿದ ತುಣುಕನ್ನು ನಾನೇ ತಿಂದಿರಬೇಕು. ತಿಂದೆ. ರುಚಿ ಕೂಡ ನೆನಪಿದೆ.

ಮೊನ್ನೆ ಊರಿಗೆ ಹೋದಾಗ ನೋಡಿದರೆ, ಗೋಡೆಯ ಮೇಲೆ ಇರುವೆಗಳ ಸಾಲು ಬಂದೂಕಿನ ಕಡೆಗೆ ಹೊರಟಿತ್ತು.