ಎಲ್ಲಿಗೆ ಎಂದು ಕೇಳಬೇಡಿ, ಕಾರು ನಿಂತುಬಿಡುತ್ತದೆ

ಬರೆಯಲು ಕೂತು ಒಂದು ಸಾಲೂ ಆಗಿಲ್ಲ, ಆಗಲೇ ಬಾಗಿಲಲ್ಲಿ "ಅಕ್ಕಾ, ಅದೀರೇನು?" ಎಂಬ ದನಿ. ಹೂವಿನಾಕೆ. ಹೂವು ಕೊಡಲು ಬಂದವಳಲ್ಲ. ಮನೆ ಮುಂದೆ ನಿಂತ ಕಾರಿನ ಸುತ್ತ ಒಂದು ಸುತ್ತು ಹಾಕಿ, "ಇದ್ರಾಗ ನೇಪಾಳಕ್ಕ ಹೋಗಿದ್ರಂತಲ್ರಿ, ಖರೇನಾ?" ಎಂದು ಕೇಳಲು ಬಂದವಳು. ಯಾತ್ರೆಯಿಂದ ಬಂದಾಗಿನಿಂದ ಇದೇ ಆಗಿದೆ. ರೊಟ್ಟಿ ತಟ್ಟುವಾಗ ಒಬ್ಬರು, ಮಗಳಿಗೆ ಜಡೆ ಹಾಕುವಾಗ ಇನ್ನೊಬ್ಬರು. ಮೊನ್ನೆ ಕೂಸು ಒಂದು ಕಡೆ ಜಡೆ, ಒಂದು ಕಡೆ ಬಿಚ್ಚುಗೂದಲಿನಲ್ಲೇ ಶಾಲೆಗೆ ಹೋಯಿತು. ಅದಕ್ಕೇ ಒಂದೇ ಸಲ ಬರೆದಿಡುತ್ತೇನೆ. ಓದಿಕೊಳ್ಳಿ, ನನ್ನನ್ನು ಕೆಲಸ ಮಾಡಲು ಬಿಡಿ.

ಬೇರೆ ಮನೆಗಳಲ್ಲಿ ವರ್ಷಕ್ಕೊಮ್ಮೆ ಆಗುವ ಎಡವಟ್ಟು ನಮ್ಮಲ್ಲಿ ಕಾರು ಹೊರಟಾಗಲೆಲ್ಲ ಆಗುತ್ತದೆ. ಹಿಂದೆ ದೊಡ್ಡ ಸಾಹೇಬರುಗಳು ಓಡಾಡುತ್ತಿದ್ದ ಗುಂಡು ಮುಖದ ಬಿಳಿ ಕಾರು ಇತ್ತಲ್ಲ, ಆ ಜಾತಿಯದು. ಮಾವನದು. ನನ್ನ ಗಂಡ ಕೈಗೂಸಾಗಿದ್ದಾಗ ಓಬಳಾಪುರದ ಹತ್ತಿರ ಅದಿರಿನ ಲಾರಿಗೆ ದಾರಿ ಬಿಡಲು ಹೋಗಿ ಹಳ್ಳಕ್ಕೆ ಉರುಳಿತಂತೆ. ಒಳಗಿದ್ದವರಿಗೆ ಒಂದು ಗೀರೂ ಆಗಲಿಲ್ಲ. ಅತ್ತೆ ಆ ಹಳ್ಳದಲ್ಲೇ ನಿಂತು ಕೈಮುಗಿದರು: "ಪಶುಪತಿನಾಥಾ, ಇದೇ ಕಾರನ್ನ ನಿನ್ನ ಬಾಗಲಿಗೆ ತರ್ತೀವಪ್ಪಾ." ಹಂಪಿ ವಿರೂಪಾಕ್ಷನಿಗೆ ಬೇಡಿಕೊಂಡಿದ್ದರೆ ಮಧ್ಯಾಹ್ನದ ಊಟದೊಳಗೆ ಮುಗಿದು ಹೋಗುತ್ತಿತ್ತು.

ಆವತ್ತಿನಿಂದ ಮನೆಯಲ್ಲಿ ಯಾರಿಗೆ ಜ್ವರ ಬಂದರೂ, ಹಾಲು ಒಡೆದರೂ, ಕೊನೆಗೆ ನನ್ನ ಸಾರಿಗೆ ಉಪ್ಪು ಹೆಚ್ಚಾದರೂ ಆ ತೀರದ ಹರಕೆಯೇ ಕಾರಣ. ಈ ವರ್ಷ ಮಾವ ಮನಸ್ಸು ಮಾಡಿದರು. "ಹರಕಿ ತೀರಿದ ಮರುದಿನ ಇದನ್ನ ಗುಜರಿಗೆ ಹಾಕ್ತೀನಿ. ಹೊಸಾದು ತರೋಣ. ಬಣ್ಣ ಸೊಸಿ ಹೇಳಿದ್ದು" ಎಂದರು. ಅಷ್ಟು ಸಾಕಿತ್ತು. ಆ ಯಾತ್ರೆಗೆ ಎಲ್ಲರಿಗಿಂತ ಹೆಚ್ಚು ಭಕ್ತಿಯಿಂದ ಹೊರಟವಳು ನಾನು.

ಪರೀಕ್ಷೆ

ಹೊರಡುವ ಮೊದಲು ಕಾರಿಗೆ ಒಂದು ಪರೀಕ್ಷೆ ಆಗಬೇಕೆಂದರು ಮಾವ. ನಮ್ಮೂರು ರಾಯದುರ್ಗದಿಂದ ಮಡಕಶಿರಾ ಕಡೆಯ ನನ್ನ ತವರಿಗೆ ಹೋಗಿ ಬರುವುದು. ನಮ್ಮದು ಜೀನ್ಸ್ ಹೊಲಿಯುವ ಮನೆ. ಹಾಗಾಗಿ ಕಾರಿನಲ್ಲಿ ಎಲ್ಲೆಲ್ಲಿ ಸೋರುತ್ತದೋ ಅಲ್ಲೆಲ್ಲ ಜೀನ್ಸ್ ಪಟ್ಟಿ ಸುತ್ತಿದ್ದರು. ಬಾನೆಟ್ ತೆಗೆದರೆ ಇಂಜಿನ್ ಪ್ಯಾಂಟು ಹಾಕಿಕೊಂಡ ಹಾಗೆ ಕಾಣುತ್ತಿತ್ತು.

ಅಮರಾಪುರದ ಹತ್ತಿರ ಕಾರು ನಿಂತಿತು. ಸುತ್ತ ಕುರಿಗಳು. ಕುರಿ ಕಾಯುವವರು ಕಾರನ್ನೂ ನಮ್ಮನ್ನೂ ನೋಡಿ, "ಇದೂ ಮೇಯ್ತದಾ?" ಎಂದು ಕೇಳಿದರು. ಕೊನೆಗೆ ಶೇಂಗಾ ಹೊಟ್ಟು ತುಂಬಿದ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ತವರು ಮುಟ್ಟಿದೆವು. ಕಾರಿನಲ್ಲಿ ಬೀಗರು ಬರುತ್ತಾರೆಂದು ಅವ್ವ ಆರತಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಮೊದಲು ಬಂದದ್ದು ಟ್ರ್ಯಾಕ್ಟರು, ಅದರ ಹಿಂದೆ ಹೊಟ್ಟಿನ ಧೂಳು, ಧೂಳಿನ ಹಿಂದೆ ನಾವು. ಅವ್ವ ತಬ್ಬಿಬ್ಬಾಗಿ ಟ್ರ್ಯಾಕ್ಟರಿಗೇ ಆರತಿ ಎತ್ತಿಬಿಟ್ಟಳು.

"ಇದೇನ್ರೀ ಬೀಗರೇ, ಇದ್ರಲ್ಲಿ ನೇಪಾಳಕ್ಕೆ ಹೋಯ್ತೀರಾ?" ಎಂದ ನನ್ನ ಅಪ್ಪ.

ಮಾವ ಪಂಚೆ ಕೊಡವಿಕೊಂಡು ಹೇಳಿದರು: "ಹೌದ್ರಿ. ಮುಟ್ಟಿತಲ್ರಿ? ಪಾಸಾತು."

ನೀರು

ನಮ್ಮ ಕಡೆ ಹೊರಟವರನ್ನು "ಎಲ್ಲಿಗೆ" ಎಂದು ಕೇಳಬಾರದು. "ದೂರ ಹೊಂಟೀರೇನು?" ಎನ್ನಬೇಕು. ಯಾರಾದರೂ ಮರೆತು "ಎಲ್ಲಿಗೆ" ಎಂದರೆ ಹೊರಟವರು ತಿರುಗಿ ಬಂದು, ಕೂತು, ನೀರು ಕುಡಿದು, ಹೊಸದಾಗಿ ಹೊರಡಬೇಕು. ನಡೆದು ಹೋಗುವವರಿಗೆ ಇದೇನು ದೊಡ್ಡದಲ್ಲ. ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗುತ್ತದೋ ಇಲ್ಲವೋ ಎನ್ನುವ ಕಾರಿನವರ ಗತಿ ಏನು?

ಹೊರಟ ದಿನ ಬೀದಿಯವರೆಲ್ಲ ಸೇರಿ ತಳ್ಳಿ ಕಾರು ಸ್ಟಾರ್ಟ್ ಮಾಡಿಸಿದರು. ಮೂಲೆ ತಿರುಗುವಾಗ ಹಾಲಿನವನು ಸೈಕಲ್ ನಿಲ್ಲಿಸಿ, "ಎಲ್ಲಿಗ್ರೀ ಯಜಮಾನ್ರ, ಮಕ್ಕಳು ಮರಿ ಕಟ್ಕೊಂಡು?" ಎಂದ. ಮಾವ ಬೀಗದ ಕೈ ತಿರುವಿ ಆಫ್ ಮಾಡಿಯೇಬಿಟ್ಟರು. ಮನೆಗೆ ವಾಪಸ್, ಚಾಪೆ, ನೀರು. ಮತ್ತೆ ತಳ್ಳಿದರು. ಈ ಸಲ ಟೈಲರಮ್ಮ. ಮತ್ತೆ ಚಾಪೆ, ನೀರು. ಆಮೇಲೆ ನನ್ನ ಮಗಳು ಕಿಟಕಿಯಿಂದ ತಲೆ ಹೊರಗೆ ಹಾಕಿ, ಕಂಡ ಕಂಡವರಿಗೆಲ್ಲ "ಕೇಳಬ್ಯಾಡ್ರೀ! ಯಾರೂ ಕೇಳಬ್ಯಾಡ್ರೀ!" ಎಂದು ಕೂಗುತ್ತಾ ಬಂದಳು. ಏನು ಕೇಳಬಾರದು ಎಂದು ತಿಳಿಯದೆ ಮಂದಿ ಓಡಿ ಬಂದು, "ಯಾಕವ್ವಾ, ಎಲ್ಲಿಗೆ ಕರ್ಕೊಂಡು ಹೊಂಟಾರ ನಿನ್ನ?" ಎಂದರು.

ಕುಡಿದ ನೀರಿನ ದೆಸೆಯಿಂದ ಊರು ದಾಟುವ ಮೊದಲೇ ಇನ್ನೊಂದು ಸಲ ನಿಲ್ಲಿಸಬೇಕಾಯಿತು. ಅದೊಂದರಲ್ಲಿ ಮಾತ್ರ ಕಾರಿನ ತಪ್ಪಿಲ್ಲ.

ಯಾರ ಕಡೆಯವರು

ಉತ್ತರಕ್ಕೆ ಹೋದ ಹಾಗೆಲ್ಲ ನಮಗೆ ಏನೂ ತಿಳಿಯದಾಯಿತು. ನನ್ನ ಗಂಡನ ಹಿಂದಿ ಒಂದೇ ಮಾತಿನದು: "ಹಾಂ." ಯಾರು ಏನು ಕೇಳಿದರೂ ಹಾಂ.

ಗೋರಖಪುರಕ್ಕೆ ಇನ್ನೂ ದೂರವಿದ್ದ ಒಂದು ಊರಿನಲ್ಲಿ, ಸಂಜೆ ಹೊತ್ತಿಗೆ, ಕಾರು ಒಂದು ಮದುವೆ ಚಪ್ಪರದ ಮುಂದೆ ನಿಂತಿತು. ಬಿಳಿ ಕಾರು, ಅತ್ತೆ ಕಟ್ಟಿದ ಹೂವಿನ ಹಾರ, ಬಾನೆಟ್ ಮೇಲೆ ವಿಭೂತಿ. ಪೇಟ ಸುತ್ತಿದ ಹಿರಿಯರೊಬ್ಬರು ಓಡಿ ಬಂದು ಗಂಡನಿಗೆ ಏನೋ ಕೇಳಿದರು. "ಹಾಂ" ಎಂದರು ಇವರು. ಇನ್ನೇನೋ ಕೇಳಿದರು. "ಹಾಂ ಹಾಂ." ನೋಡ ನೋಡುತ್ತಿದ್ದಂತೆ ಕಾರಿನ ತುಂಬ ಚೆಂಡುಹೂ. ಹಿಂದಿನ ಬಾಗಿಲು ತೆರೆದು ಮದುಮಗನನ್ನು ತಂದು ಅತ್ತೆಯ ಪಕ್ಕ ಕೂರಿಸಿದರು. ಅತ್ತೆ ಸೆರಗು ಸರಿಮಾಡಿಕೊಂಡು ಸರಿದು ಕೂತರು.

"ಇವನ್ಯಾರೇ?" ಎಂದರು ನನ್ನ ಕಿವಿಯಲ್ಲಿ.

"ನಿಮ್ಮ ಮಗನ್ನೇ ಕೇಳ್ರಿ, ಒಪ್ಪಿಕೊಂಡವರು ಅವರು" ಎಂದೆ.

ಬ್ಯಾಂಡಿನವರು ಬಾರಿಸುತ್ತಾ, ಕುಣಿಯುವವರು ಕುಣಿಯುತ್ತಾ ಕಾರನ್ನು ತಳ್ಳಿದರು. ಮಾವನಿಗೆ ಕಣ್ಣು ತುಂಬಿ ಬಂತು. "ನೋಡವ್ವಾ, ಯಾತ್ರಿಗೆ ಹೊಂಟೋರಿಗೆ ಈ ಸೀಮ್ಯಾಗ ಎಷ್ಟು ಮರ್ಯಾದಿ!"

ಊಟಕ್ಕೂ ಕೂತೆವು. ಬಡಿಸುತ್ತಿದ್ದ ಹೆಂಗಸು ನೀವು ಗಂಡಿನ ಕಡೆಯವರೋ ಹೆಣ್ಣಿನ ಕಡೆಯವರೋ ಎಂದು ಕೇಳಿದಳು. ಟೀವಿ ನೋಡಿ ಕಲಿತ ಹಿಂದಿಯಲ್ಲಿ ಅಷ್ಟು ನನಗೆ ತಿಳಿಯಿತು. "ಕಾರಿನ ಕಡೆಯವರು" ಎಂದೆ. ಪಾಪ, ಇನ್ನೊಂದು ಪೂರಿ ಹಾಕಿದಳು.

ಗಡಿ

ಗಡಿಯ ಗೇಟಿನಲ್ಲಿ ಅಧಿಕಾರಿ ಕಿಟಕಿಗೆ ಬಗ್ಗಿ, ಎಲ್ಲಿಗೆ ಹೋಗುತ್ತಿದ್ದೀರಿ ಎಂದು ಹಿಂದಿಯಲ್ಲಿ ಕೇಳಿದರು. ಅಷ್ಟು ಹೊತ್ತಿಗೆ ಮಾವನಿಗೆ ಹಿಂದಿಯಲ್ಲಿ ಒಂದೇ ಶಬ್ದ ಅರ್ಥವಾಗುತ್ತಿತ್ತು, "ಕಹಾಂ", ಅಂದರೆ ಎಲ್ಲಿಗೆ. ಆಫ್ ಮಾಡಿದರು. ಇಳಿದರು. ಗೇಟಿನ ಪಕ್ಕ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ನೀರಿನ ಬಾಟಲಿ ತೆರೆದರು.

ಅಧಿಕಾರಿಗೆ ಗಾಬರಿ. ಧರಣಿ ಕೂತರೆಂದುಕೊಂಡರೋ ಏನೋ, ಇನ್ನಿಬ್ಬರನ್ನು ಕರೆದರು. ಅವರೂ ಬಂದು ಕೇಳಿದ್ದು ಅದನ್ನೇ, "ಕಹಾಂ?" ಮಾವ ಮತ್ತೆ ಬಾಟಲಿ ಎತ್ತಿದರು. ಹಿಂದೆ ರಿಕ್ಷಾ, ಲಾರಿ, ಬಸ್ಸು ಎಲ್ಲ ಸಾಲುಗಟ್ಟಿ ಹಾರ್ನು.

ನಾನೇ ಇಳಿದೆ. ಹಿಂದಿ, ತೆಲುಗು, ಕನ್ನಡ, ಕೈಸನ್ನೆ ಎಲ್ಲ ಸೇರಿಸಿ, "ಸಾಬ್, ನೀವು ಅದನ್ನ ಕೇಳಬಾರದು, ಕೇಳಿದ್ರೆ ನಾವು ಹೋಗೋ ಹಾಗಿಲ್ಲ" ಎಂದೆ.

"ನಾನು ಕೇಳದಿದ್ದರೆ ನೀವು ಹೋಗೋ ಹಾಗಿಲ್ಲ" ಎಂದರು ಅವರು. ಅದೂ ಸರಿಯೇ.

ಕೊನೆಗೆ ದೂರಕ್ಕೆ ಹಿಂದಿಯಲ್ಲೂ ದೂರ ಎಂದೇ ಅನ್ನುತ್ತಾರೆ ಎಂದು ನೆನಪಾಗಿ, ಹಾಗೆ ಕೇಳಿ ಎಂದು ಹೇಳಿಕೊಟ್ಟೆ. ಆ ಮಹಾನುಭಾವರು ಟೋಪಿ ಸರಿಮಾಡಿಕೊಂಡು, ಮಾವನ ಮುಂದೆ ಬಗ್ಗಿ, "ದೂರ್?" ಎಂದರು.

"ಹೌದ್ರಿ ಸಾಹೇಬ್ರ, ದೂರ!" ಮಾವ ಖುಷಿಯಿಂದ ಎದ್ದರು. ಸೆಲ್ಫ್ ಹೊಡೆದರೆ ಕಾರು ಕೆಮ್ಮಲೂ ಇಲ್ಲ. ಅಧಿಕಾರಿಗಳೇ ತಳ್ಳಿ ನಮ್ಮನ್ನು ದೇಶದಿಂದ ಆಚೆ ಹಾಕಿದರು. ಕಾರು ಕಷ್ಟಪಟ್ಟು ಸ್ಟಾರ್ಟ್ ಆಯಿತು. ಇನ್ನೇನು ಗೆದ್ದೆವು ಎಂದು ತಲೆ ಎತ್ತಿದರೆ ಎದುರಿಗೆ ನೇಪಾಳದ ಗೇಟು. ಅಲ್ಲಿಯೂ ಒಬ್ಬರು ಬಾಯಿ ತೆರೆಯುತ್ತಿದ್ದರು.

ಸೈಡು

ಬೆಟ್ಟದ ಏರು ಶುರುವಾಗುತ್ತಲೇ ಕಾರು ಕುದಿಯಿತು. ಜೀನ್ಸ್ ಪಟ್ಟಿಗಳೆಲ್ಲ ಹೊಗೆಯಾಡಿದವು. ಖಾಲಿ ಹೋಗುತ್ತಿದ್ದ ಲಾರಿಯೊಂದನ್ನು ನಿಲ್ಲಿಸಿ, ದಿಣ್ಣೆಗೆ ಆನಿಸಿ ಕಾರನ್ನು ಹಿಂಭಾಗಕ್ಕೆ ಹತ್ತಿಸಿ ಹಗ್ಗ ಬಿಗಿದರು. ನಾನು, ಗಂಡ, ಮಗಳು ಡ್ರೈವರ್ ಪಕ್ಕ ಕೂತೆವು. ಮಾವ ಮಾತ್ರ ಒಪ್ಪಲಿಲ್ಲ. "ಖಾಲಿ ಕಾರು ದೇವರ ಬಾಗಲಿಗೆ ಹೋದ್ರ ಅದೆಂಥಾ ಹರಕಿ?" ಎಂದು ಅತ್ತೆಯನ್ನೂ ಕರೆದುಕೊಂಡು ಲಾರಿಯ ಮೇಲಿನ ಕಾರಿನಲ್ಲೇ ಕೂತರು.

ಕೂತವರು ಸುಮ್ಮನಿರಬೇಕಲ್ಲ. ತಿರುವು ಬಂದಾಗಲೆಲ್ಲ ಸ್ಟೀರಿಂಗ್ ತಿರುವುವುದು, ಹಾರ್ನ್ ಒತ್ತುವುದು. ಲಾರಿ ಡ್ರೈವರ್ ಒಳ್ಳೆಯ ಮನುಷ್ಯ, ಮೇಲಿನ ಕಾರಿನಲ್ಲಿ ಇವರು ಕೂತದ್ದು ಅವನಿಗೆ ಗೊತ್ತಿಲ್ಲ. ಹಿಂದೆ ಯಾರೋ ಅವಸರದಲ್ಲಿದ್ದಾರೆ ಎಂದು ಬದಿಗೆ ಸರಿದು ಸೈಡು ಕೊಟ್ಟ. ಯಾರೂ ಮುಂದೆ ಹೋಗಲಿಲ್ಲ. ಮತ್ತೆ ಹೊರಟ. ಮತ್ತೆ ಹಾರ್ನು. ಕೈ ಹೊರಗೆ ಹಾಕಿ ಹೋಗು ಹೋಗು ಎಂದು ಬೀಸಿದ. ಯಾರೂ ಹೋಗಲಿಲ್ಲ. ಇಳಿದು ಹೋಗಿ ಖಾಲಿ ರಸ್ತೆ ನೋಡಿ, ಮುಖ ಬೆಳ್ಳಗೆ ಮಾಡಿಕೊಂಡು ಬಂದು, ಕನ್ನಡಿಯ ಮೇಲಿನ ದೇವರ ಪಟಕ್ಕೆ ಕೈಮುಗಿದ.

ಹೇಳೋಣವೆಂದರೆ ನೇಪಾಳಿ ಬರದು. ನನ್ನ ಗಂಡ "ಹಾಂ" ಎಂದರು.

ಬಾಗಿಲು

ಕಠ್ಮಂಡುವಿನ ಹೊರಗೆ ಇಳಿಜಾರಿನಲ್ಲಿ ಕಾರನ್ನು ಲಾರಿಯಿಂದ ಇಳಿಸಿದರು. ಅದು ಉರುಳಿದ ರಭಸಕ್ಕೆ, ಯಾರೂ ತಳ್ಳದೆ, ಗುರ್ರೆಂದು ಸ್ಟಾರ್ಟ್ ಆಯಿತು! ದೇವಸ್ಥಾನದ ಮುಂದೆ ಗಾಡಿ ನಿಲ್ಲಿಸುವ ಜಾಗದವರೆಗೆ ತಾನೇ ಹೋಯಿತು. ಅತ್ತೆ ಬಾನೆಟ್ಟಿಗೆ ವಿಭೂತಿ ಹಚ್ಚಿ, ಟೈರಿನ ಮುಂದೆ ತೆಂಗಿನಕಾಯಿ ಒಡೆದು ಗಳಗಳ ಅತ್ತರು. ಮಾವ ಸ್ಟೀರಿಂಗ್ ಸವರಿ, "ಆತು ಬಿಡು, ನಿನ್ನ ಋಣ ಮುಗೀತು" ಎಂದರು. ನಾನೂ ಮೂಗು ಒರೆಸಿಕೊಂಡೆ. ಆಮೇಲೆ ಗಂಡನ ಕಿವಿಯಲ್ಲಿ "ಕೆಂಪು ಬಣ್ಣ" ಎಂದೆ.

ದರ್ಶನವಾಯಿತು. ಎಲ್ಲರೂ ಹತ್ತಿದೆವು. ಮಾವ ಕಾರು ಸ್ಟಾರ್ಟ್ ಮಾಡಿದರು. ಆಯಿತು ಕೂಡ! ಅಷ್ಟರಲ್ಲಿ ಗಾಡಿಗಳಿಗೆ ದಾರಿ ಬಿಡಿಸುವ ಪೊಲೀಸಪ್ಪ ಕಿಟಕಿಗೆ ಬಗ್ಗಿ, ನಗುತ್ತಾ, ನಮ್ಮ ದೇಶದ ನಂಬರ್ ನೋಡಿ ಪ್ರೀತಿಯಿಂದಲೇ ಕೇಳಿದ: "ಕಹಾಂ?"

ಆಫ್. ನೆಲ. ನೀರು.

ಆಮೇಲೆ ಕಾರು ಏನು ಮಾಡಿದರೂ ಅಲುಗಲಿಲ್ಲ. ಪೊಲೀಸಪ್ಪ ತಳ್ಳಿದ, ಹೂ ಮಾರುವವರು ತಳ್ಳಿದರು, ಜಪ ಮಾಡುತ್ತಿದ್ದ ಸಾಧುವೊಬ್ಬರೂ ಎದ್ದು ಬಂದು ತಳ್ಳಿದರು. ಆಗ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ದೇವಸ್ಥಾನದ ಕಡೆ ತಿರುಗಿ, ಎರಡೂ ಕೈ ಎತ್ತಿದರು. "ಅತ್ತೇ, ಬ್ಯಾಡ್ರಿ!" ಎಂದು ಓಡಿದೆ. ತಡವಾಗಿತ್ತು.

"ಪಶುಪತಿನಾಥಾ! ಇದೊಂದು ಸಲ ಇದನ್ನ ನಮ್ಮೂರು ಮುಟ್ಟಿಸು. ಮತ್ತ ಇದೇ ಕಾರನ್ನ ನಿನ್ನ ಬಾಗಲಿಗೆ ತರ್ತೀವಿ!"

ಮಾವ ಮತ್ತೆ ಸೀಟಿನಲ್ಲಿ ಕೂತು ಕೀ ಹಿಡಿದರು. ಎಲ್ಲರೂ ಕೈಮುಗಿದೆವು. ಪಕ್ಕದಲ್ಲಿ ನನ್ನ ಗಂಡ ಕಣ್ಣು ಮುಚ್ಚಿದವರು ಒಂದೇ ಕಣ್ಣು ತೆರೆದು ಮೆಲ್ಲಗೆ ಕೇಳಿದರು. ಮನೆ ಮುಂದೆ ನಿಂತ ಈ ಕಾರನ್ನು ನೋಡಿದಾಗಲೆಲ್ಲ ನನಗೆ ಆ ಮಾತೇ ನೆನಪಾಗುತ್ತದೆ:

"ಏ, ಈಗ ಸ್ಟಾರ್ಟ್ ಆಗ್ಲಿ ಅಂತ ಬೇಡ್ಕೊಳ್ಲೋ, ಆಗಬಾರ್ದು ಅಂತ ಬೇಡ್ಕೊಳ್ಲೋ?"